ಶಿಫ್ಟ್ ಬದಲಾಯಿಸಿಕೊಂಡ ಒಂದು ರಾತ್ರಿ: ‘ಗೋ’ (1999) ನೋಡಿದವರು ಯಾರಾದ್ರೂ ಇದ್ದೀರಾ?

ಕೊನೆಬೆಂಚು

2003ನೇ ಇಸವಿ ಇರಬೇಕು. ಮೈಸೂರಲ್ಲಿ ನಮ್ಮ ಹಾಸ್ಟೆಲ್ ಪಕ್ಕ ಒಂದು ಸಿಡಿ ಬಾಡಿಗೆ ಅಂಗಡಿ. ಅಂಗಡಿಯವನು ಈ ಸಿನಿಮಾವನ್ನ ಕಾರ್ ರೇಸ್ ಸಾಲಿನಲ್ಲಿ ಇಟ್ಟಿದ್ದ. ಹೆಸರು ‘ಗೋ’, ಅದರ ಮೇಲೆ ರೇಸ್ ಅಲ್ಲದೆ ಇನ್ನೇನಿರುತ್ತೆ ಅಂತ ಅವನ ಲೆಕ್ಕ. ನಾವು ನಾಲ್ಕು ಜನ ರೇಸ್ ನೋಡೋಕೆ ಕೂತ್ವಿ. ಶುರುವಿನಲ್ಲೇ ಒಂದು ಹುಡುಗಿ ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಲ್ಲಿ ನಿದ್ದೆಗಣ್ಣಲ್ಲಿ ಸಾಮಾನು ಎತ್ತಿಡ್ತಾ ಇದ್ದಾಳೆ. ಇಬ್ಬರು ಎದ್ದು ಹೋದ್ರು. ಉಳಿದ ಇಬ್ಬರು ರಾತ್ರಿ ಅದನ್ನ ಎರಡು ಸಲ ನೋಡಿದ್ವಿ.

ಮೊನ್ನೆ ಮತ್ತೆ ನೋಡಿದೆ. ಇಷ್ಟು ವರ್ಷ ಆದ್ರೂ ಇದರ ಬಗ್ಗೆ ಕನ್ನಡದಲ್ಲಿ ಒಬ್ಬರೂ ಮಾತಾಡಿದ್ದು ನಾನು ಕಂಡಿಲ್ಲ. ಅದಕ್ಕೇ ಈ ಚರ್ಚೆಯ ದಾರ (ಥ್ರೆಡ್).

ಕಥೆ ಎಷ್ಟು ಹೇಳಬಹುದೋ ಅಷ್ಟು ಹೇಳ್ತೀನಿ. ಲಾಸ್ ಏಂಜಲೀಸ್, ಕ್ರಿಸ್‌ಮಸ್ ಹೊತ್ತು. ರೋನಾ ಅನ್ನೋ ಹುಡುಗಿಗೆ ಬಾಡಿಗೆ ಕಟ್ಟೋಕೆ ದುಡ್ಡಿಲ್ಲ, ಮನೆಯಿಂದ ಹೊರಗೆ ಹಾಕೋ ಹೊತ್ತು ಬಂದಿದೆ. ಜೊತೆಗೆ ಕೆಲಸ ಮಾಡೋ ಸೈಮನ್‌ಗೆ ಗೆಳೆಯರ ಜೊತೆ ಲಾಸ್ ವೇಗಸ್‌ಗೆ ಹೋಗಬೇಕು. ‘ನನ್ನ ಶಿಫ್ಟ್ ನೀನು ಮಾಡು’ ಅಂತಾನೆ. ಇವಳು ದುಡ್ಡಿನಾಸೆಗೆ ಹೂಂ ಅಂತಾಳೆ. ಅಷ್ಟೇ. ಇಡೀ ಸಿನಿಮಾದ ಗಂಟು ಇರೋದು ಆ ಒಂದು ಡ್ಯೂಟಿ ಅದಲುಬದಲಿನಲ್ಲಿ. ಸೈಮನ್ ಸಣ್ಣ ಮಟ್ಟದಲ್ಲಿ ಮಾದಕದ ಗುಳಿಗೆ ಮಾರ್ತಿದ್ದ. ಅವನನ್ನ ಹುಡುಕಿಕೊಂಡು ಬಂದ ಆಡಮ್, ಝ್ಯಾಕ್ ಅನ್ನೋ ಇಬ್ಬರು ಟಿವಿ ಸೀರಿಯಲ್ ನಟರಿಗೆ ಕೌಂಟರಲ್ಲಿ ಸಿಕ್ಕಿದ್ದು ರೋನಾ. ‘20 ಗುಳಿಗೆ ಬೇಕು’ ಅಂತಾರೆ. ತಾನೇ ಯಾಕೆ ತಂದುಕೊಡಬಾರದು, ಬಾಡಿಗೆ ಹುಟ್ಟುತ್ತಲ್ಲ ಅಂತ ಅವಳ ತಲೆ ಓಡುತ್ತೆ. ಅಲ್ಲಿಂದ ಎಲ್ಲ ಎಕ್ಕುಟ್ಟಿಹೋಗುತ್ತೆ.

ಆಮೇಲೆ ಚಿತ್ರ ಮತ್ತೆ ಹಿಂದಕ್ಕೆ ಬಂದು ಸೈಮನ್ ಜೊತೆ ವೇಗಸ್‌ಗೆ ಹೋಗುತ್ತೆ. ಇನ್ನೊಂದು ಸಲ ಹಿಂದಕ್ಕೆ ಬಂದು ಆ ಇಬ್ಬರು ನಟರ ಜೊತೆ ಹೋಗುತ್ತೆ. ಮೂರು ಕಥೆ, ಒಂದೇ ರಾತ್ರಿ.

ನಿರ್ದೇಶಕ ಡಗ್ ಲೈಮನ್. ‘ಬೋರ್ನ್ ಐಡೆಂಟಿಟಿ’ ಮಾಡಿದವರೇ, ಆದರೆ ಅದಕ್ಕಿಂತ ಮೂರು ವರ್ಷ ಮೊದಲು. ಕ್ಯಾಮೆರಾನೂ ಅವರದ್ದೇ. ಬರೆದದ್ದು ಜಾನ್ ಆಗಸ್ಟ್, ಅವರ ಚಿತ್ರಕಥೆ ತೆರೆಗೆ ಬಂದದ್ದು ಅದೇ ಮೊದಲು.

ನನ್ನ ವಾದ ಇಷ್ಟೇ: ಇದು ಬುದ್ಧಿವಂತಿಕೆ ತೋರಿಸೋಕೆ ಕಾಲವನ್ನ ಕಲಸಿದ ಸಿನಿಮಾ ಅಲ್ಲ. ಯಾರ ಕಥೆಯಲ್ಲಿ ಯಾರು ಬರೀ ಪಕ್ಕದಲ್ಲಿ ಹಾದುಹೋಗೋರು ಅನ್ನೋದರ ಸಿನಿಮಾ. ನೋಡಿದವರು ಮಾತಾಡಿ. ನೋಡದವರು ಮುಂದಕ್ಕೆ ಓದಬೇಡಿ, ಕೆಳಗೆ ಎಲ್ಲ ಬಿಚ್ಚಿಡ್ತೀವಿ.

ಕಾಫಿ_ಒನ್‌ಬೈಟು

ನೋಡಿದ್ದೀನಿ, ತುಂಬಾ ಹಿಂದೆ. ಬೇಜಾರು ಮಾಡ್ಕೋಬೇಡಿ ಗುರುಗಳೇ, 1994ರಲ್ಲಿ ‘ಪಲ್ಪ್ ಫಿಕ್ಷನ್’ ಬಂದಮೇಲೆ ಐದು ವರ್ಷ ಹಾಲಿವುಡ್ಡಲ್ಲಿ ಎಲ್ಲರೂ ಅದೇ ಹಿಟ್ಟಲ್ಲಿ ದೋಸೆ ಹುಯ್ದರು. ಇದು ಅದರಲ್ಲಿ ಒಂದು. ಗನ್ನು, ಗುಳಿಗೆ, ಉದ್ದುದ್ದ ಹರಟೆ, ಹಿಂದೆ ಮುಂದೆ ಹೋಗೋ ಕಥೆ. ದೋಸೆ ಗರಿಗರಿ ಇತ್ತು, ಒಪ್ತೀನಿ. ಹಿಟ್ಟು ಮಾತ್ರ ಪಕ್ಕದ ಮನೆಯದ್ದು.

ಕೊನೆಬೆಂಚು

ಅಲ್ಲಿ ಇರೋರು ವೃತ್ತಿಪರ ಕೊಲೆಗಾರರು, ಬಾಕ್ಸರ್, ದೊಡ್ಡ ಡಾನ್. ಇಲ್ಲಿ ಒಬ್ಬರಿಗೂ ಅಪರಾಧ ಮಾಡೋಕೆ ಬರಲ್ಲ! ರೋನಾ ಬಂಡವಾಳ ಸಾಲದೆ ಗೆಳತಿ ಕ್ಲೇರ್‌ಳನ್ನೇ ಗುಳಿಗೆ ಮಾರೋ ಟಾಡ್ ಹತ್ರ ಅಡ ಇಟ್ಟು ಬರ್ತಾಳೆ. ಅಮ್ಮನ ಬಳೆ ಸೇಟು ಅಂಗಡಿಯಲ್ಲಿ ಇಟ್ಟ ಹಾಗೆ. ‘ಸ್ವಲ್ಪ ಹೊತ್ತು ಕೂತಿರು, ದುಡ್ಡು ತಂದು ಬಿಡಿಸಿಕೊಳ್ತೀನಿ’ ಅಂತ. ಇದು ‘ಪಲ್ಪ್ ಫಿಕ್ಷನ್’ ಮಾಡಿದ ಟ್ಯಾರಂಟಿನೋ ಲೋಕ ಅಲ್ಲ ಸ್ವಾಮಿ, ತಿಂಗಳ ಕೊನೆಯ ಲೋಕ.

ಎಡಿಟ್_ಟೇಬಲ್

ನಾನು ಸಂಕಲನದ ಕೆಲಸ ಮಾಡೋನು, ಹಾಗಾಗಿ ಕಟ್ಟೋಣದ ಬಗ್ಗೆ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಜಾನ್ ಆಗಸ್ಟ್ ಮೊದಲು ಬರೆದದ್ದು ರೋನಾ ಭಾಗ ಒಂದನ್ನೇ, ‘ಎಕ್ಸ್’ ಅನ್ನೋ ಕಿರುಚಿತ್ರದ ಹಾಗೆ. ಓದಿದವರು ಸೈಮನ್‌ಗೆ ವೇಗಸ್‌ನಲ್ಲಿ ಏನಾಯ್ತು, ಆ ಇಬ್ಬರು ನಟರು ಯಾರು ಅಂತ ಕೇಳಿದ್ರು. ಉತ್ತರ ಬರೀತಾ ಹೋಗಿ ಅದು ಪೂರ್ಣ ಚಿತ್ರ ಆಯ್ತು. ಇದು ಯಾಕೆ ಮುಖ್ಯ ಅಂದ್ರೆ, ಸಾಮಾನ್ಯವಾಗಿ ಇಂಥ ಚಿತ್ರಗಳಲ್ಲಿ ಮೊದಲು ಒಗಟು ಕಟ್ಟಿ ಆಮೇಲೆ ಮನುಷ್ಯರನ್ನ ತುಂಬ್ತಾರೆ. ಇಲ್ಲಿ ಒಂದು ಕಥೆ ಮುಗಿದಮೇಲೆ ಅದರ ಅಂಚಿನಲ್ಲಿ ನಿಂತಿದ್ದವರಿಗೆ ಮನೆ ಕಟ್ಟಿಕೊಟ್ಟಿದ್ದಾರೆ.

ಒಂದು ಉದಾಹರಣೆ. ರೋನಾ ಗುಳಿಗೆ ತಗೊಂಡು ನಟರ ಹತ್ರ ಹೋಗ್ತಾಳೆ. ಅಲ್ಲಿ ಬರ್ಕ್ ಅನ್ನೋ ದೊಡ್ಡ ವಯಸ್ಸಿನವನೊಬ್ಬ ಕೂತಿದ್ದಾನೆ, ‘ಬಿಯರ್ ಕುಡಿ, ಬಿಯರ್ ಕುಡಿ’ ಅಂತ ಅತಿಯಾಗಿ ಉಪಚಾರ ಮಾಡ್ತಾನೆ. ಅವಳಿಗೆ ವಾಸನೆ ಹೊಡೆಯುತ್ತೆ, ಇವನು ಪೊಲೀಸ್. ಸೀದಾ ಬಾತ್‌ರೂಮಿಗೆ ಹೋಗಿ 20 ಗುಳಿಗೆನೂ ಕಮೋಡಿಗೆ ಸುರಿದು ಫ್ಲಶ್ ಮಾಡ್ತಾಳೆ. ನಾವು ‘ಅಬ್ಬಾ, ಎಂಥ ಚಾಲಾಕಿ’ ಅಂದ್ಕೋತೀವಿ. ಒಂದು ಗಂಟೆ ಆದಮೇಲೆ, ಮೂರನೇ ಕಥೆಯಲ್ಲಿ, ಅದೇ ಮನೆಯೊಳಗೆ ಇನ್ನೊಂದು ಮೂಲೆಯಿಂದ ನೋಡ್ತೀವಿ. ಅಲ್ಲಿ ಝ್ಯಾಕ್ ಅವಳಿಗೆ ಮೆಲ್ಲಗೆ ಎಚ್ಚರಿಕೆ ಕೊಡ್ತಾನೆ. ತಮ್ಮ ಮೇಲಿನ ಮಾದಕದ ಕೇಸಿನಿಂದ ಪಾರಾಗೋಕೆ ಅವಳನ್ನ ಪೊಲೀಸರಿಗೆ ಹಿಡಿದುಕೊಡಬೇಕಾದವನೇ ಅವಳನ್ನ ಓಡಿಸ್ತಾನೆ. ಮೊದಲ ಕಥೆಯ ಜಾಣತನದಲ್ಲಿ ಇನ್ನೊಬ್ಬನ ಪಾಲು ಇತ್ತು.

ಅದೇ ಥರ ಕಾರಿನ ದೃಶ್ಯ. ರೋನಾ ಭಾಗದ ಕೊನೆಗೆ, ರೇವ್ ಪಾರ್ಟಿಯ ಪಾರ್ಕಿಂಗ್ ಜಾಗದಲ್ಲಿ ಟಾಡ್ ಗನ್ನು ಹಿಡಿದು ನಿಂತಿರ್ತಾನೆ. ಅವಳು ಸತ್ತಳು ಅಂದ್ಕೋಬೇಕು, ಅಷ್ಟರಲ್ಲಿ ಎಲ್ಲಿಂದಲೋ ಒಂದು ಕಾರು ಬಂದು ಗುದ್ದಿ ಎಸೆದು ಹೋಗುತ್ತೆ. ಯಾರ ಕಾರು? ಹಾಗೇ ಕತ್ತರಿಸಿ ವೇಗಸ್‌ಗೆ! ಇಡೀ ಎರಡನೇ ಕಥೆ ನಾವು ನಗ್ತಾ ಇದ್ದರೂ ಆ ಹುಡುಗಿ ಹಳ್ಳದಲ್ಲಿ ಬಿದ್ದಿದ್ದಾಳೆ ಅನ್ನೋದು ಹೊಟ್ಟೆಯಲ್ಲಿ ಕೊರೀತಾ ಇರುತ್ತೆ. ಎಡಿಟ್ ಟೇಬಲ್ ಮುಂದೆ ಕೂತು ಹೇಳ್ತೀನಿ, ಈ ಕಟ್ ಹಾಕೋಕೆ ಧೈರ್ಯ ಬೇಕು. ನಾಯಕಿಯನ್ನ ಮೂರನೇ ಒಂದು ಭಾಗದಲ್ಲೇ ಬೀಳಿಸಿ, ತಿರುಗಿ ನೋಡದೆ ಹೋಗೋದು.

ಮಲ್ಪೆಮಾರಾಯ

ಒಳ್ಳೆ ದಾರ ಮಾರಾಯ್ರೆ. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ‘ಉಳಿದವರು ಕಂಡಂತೆ’. 2014ರಲ್ಲಿ ಬಂದಾಗ ಥಿಯೇಟರಲ್ಲಿ ಜನ ಇರಲಿಲ್ಲ, ಈಗ ನೋಡಿ, ಅಷ್ಟಮಿ ಬಂದರೆ ಸಾಕು ಎಲ್ಲರ ಸ್ಟೇಟಸ್ಸಿನಲ್ಲಿ ಅದರ ನಾಯಕ ರಿಚ್ಚಿಯ ಹುಲಿ ಕುಣಿತ. ಅಲ್ಲಿಯೂ ಅಧ್ಯಾಯಗಳು, ಅಲ್ಲಿಯೂ ಹಬ್ಬದ ಹಿನ್ನೆಲೆ, ಒಂದೇ ಘಟನೆ ಬೇರೆ ಬೇರೆಯವರ ಕಣ್ಣಲ್ಲಿ. ‘ಗೋ’ದಲ್ಲಿ ಕ್ರಿಸ್‌ಮಸ್, ಇಲ್ಲಿ ಕೃಷ್ಣ ಜನ್ಮಾಷ್ಟಮಿ. ಎರಡಕ್ಕೂ ಸಂಬಂಧ ಉಂಟಾ?

ಎಡಿಟ್_ಟೇಬಲ್

ವೇಷ ಒಂದೇ ಥರ, ಒಳಗೆ ಬೇರೆ. ‘ಉಳಿದವರು ಕಂಡಂತೆ’ ಕುರೊಸಾವಾನ ‘ರಾಶೊಮೊನ್’ ದಾರಿಯದ್ದು: ಒಬ್ಬೊಬ್ಬರು ಕಂಡದ್ದು ಒಂದೊಂದು, ನಿಜ ಯಾವುದು ಅನ್ನೋದೇ ಪ್ರಶ್ನೆ. ‘ಗೋ’ದಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ನಡೆದದ್ದು ಒಂದೇ. ಕೂತ ಸೀಟು ಬೇರೆ. ಬಸ್ಸಿನಲ್ಲಿ ಎಡಗಡೆ ಕಿಟಕಿಯವರಿಗೆ ಕೆರೆ ಕಾಣುತ್ತೆ, ಬಲಗಡೆಯವರಿಗೆ ಬೆಟ್ಟ, ಹಾಗೆ.

ಮಲ್ಪೆಮಾರಾಯ

ಅದು ಸರಿ. ಆದರೆ ರಿಚ್ಚಿಯೂ ಇವರ ಹಾಗೆಯೇ ಸಣ್ಣ ಊರಿನ ಸಣ್ಣ ರೌಡಿ. ಸಿನಿಮಾ ಅವನನ್ನು ದೊಡ್ಡವನ ಹಾಗೆ ತೋರಿಸ್ತದೆ ಅಷ್ಟೆ. ನನಗೆ ಅದೇ ಖುಷಿ. ನಿಮ್ಮ ‘ಗೋ’ದವರು ಯಾರನ್ನೂ ದೊಡ್ಡವರು ಮಾಡುವುದಿಲ್ಲ ಅಂತ ಕಾಣ್ತದೆ.

ಕೊನೆಬೆಂಚು

ಹೌದು, ಅದೇ ವ್ಯತ್ಯಾಸ. ಇನ್ನೊಂದು ವಿಷ್ಯ: ‘ನಮ್ಮ ಜನಕ್ಕೆ ಹಿಂದೆ ಮುಂದೆ ಹೋಗೋ ಕಥೆ ಅರ್ಥ ಆಗಲ್ಲ’ ಅಂತ ಆಗಾಗ ಯಾರೋ ಶುರು ಮಾಡ್ತಾರೆ. ‘ಗೋ’ಗಿಂತ ಒಂದು ವರ್ಷ ಮೊದಲು, 1998ರಲ್ಲಿ, ಉಪೇಂದ್ರ ‘ಎ’ ಮಾಡಿದ್ರು. ಉಲ್ಟಾ ಬಿಚ್ಚಿಕೊಳ್ಳೋ ಕಥೆ. ಒಂದು ಸಲಕ್ಕೆ ಅರ್ಥ ಆಗಲಿಲ್ಲ ಅಂತ ಜನ ಎರಡನೇ ಸಲ ಟಿಕೆಟ್ ತಗೊಂಡ್ರು! ಗಾಂಧಿನಗರದ ಪ್ರೇಕ್ಷಕನನ್ನ ಕಡಿಮೆ ಅಂದಾಜು ಮಾಡಬೇಡಿ.

ಹೊಳೆನರಸೀಪುರ_ಓಹಾಯೋ

ಈ ಸಿನಿಮಾ ನನಗೆ ಬೇರೆ ಕಾರಣಕ್ಕೆ ಹತ್ರ. 2009ರಲ್ಲಿ ಎಂ.ಎಸ್. ಓದೋಕೆ ಇಲ್ಲಿಗೆ ಬಂದಾಗ ಯೂನಿವರ್ಸಿಟಿ ಕ್ಯಾಂಟೀನಿನ ಕ್ಯಾಶ್ ಕೌಂಟರಲ್ಲಿ ನಿಂತಿದ್ದೆ. ವಾರಕ್ಕೆ 20 ಗಂಟೆ, ವಿದ್ಯಾರ್ಥಿ ವೀಸಾದವರಿಗೆ ಅದಕ್ಕಿಂತ ಹೆಚ್ಚು ಬಿಡಲ್ಲ. ಆ ಶುರುವಿನ ಕೌಂಟರ್ ದೃಶ್ಯದಲ್ಲಿ ‘ಪೇಪರ್ ಚೀಲ ಬೇಕಾ, ಪ್ಲಾಸ್ಟಿಕ್ಕಾ’ ಅಂತ ರೋನಾ ಸತ್ತ ದನಿಯಲ್ಲಿ ಕೇಳ್ತಾಳಲ್ಲ, ಆ ದನಿ ನನಗೆ ಗೊತ್ತು. ನಾಲ್ಕನೇ ಗಂಟೆ ದಾಟಿದಮೇಲೆ ಬಾಯಿ ತಾನೇ ಮಾತಾಡುತ್ತೆ, ಮನುಷ್ಯ ಒಳಗಿರಲ್ಲ. ಒಬ್ಬಳು ಗಿರಾಕಿ ‘ನಾನೂ ಹಿಂದೆ ಇದೇ ಕೆಲಸ ಮಾಡ್ತಿದ್ದೆ’ ಅಂತ ದೊಡ್ಡಸ್ತಿಕೆ ತೋರಿಸಿದಾಗ ರೋನಾ ಕೊಡೋ ತಿರುಗೇಟಿದೆಯಲ್ಲ, ಅದನ್ನ ಮನಸ್ಸಿನಲ್ಲಿ ನೂರು ಸಲ ಹೇಳಿಕೊಂಡಿದ್ದೀನಿ. ಬಾಯಿಬಿಟ್ಟು ಒಂದು ಸಲವೂ ಇಲ್ಲ.

ಶಿಫ್ಟ್ ಬದಲಾಯಿಸಿಕೊಳ್ಳೋದೂ ಹಾಗೇ. ಇಲ್ಲಿನ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಹೋಗಬೇಕು ಅಂತ ನನ್ನ ಸಂಜೆ ಶಿಫ್ಟನ್ನ ಒಬ್ಬ ತೆಲುಗು ಗೆಳೆಯನಿಗೆ ದಾಟಿಸಿದ್ದೆ. ಹೋದೆ, ಹಾಡು ಕೇಳಿದೆ, ಒಬ್ಬಟ್ಟು ತಿಂದೆ. ಎರಡು ವರ್ಷ ಆದಮೇಲೆ ಇನ್ಯಾರೋ ಹೇಳಿದ್ರು, ಆ ಸಂಜೆ ಗಲ್ಲಾದಲ್ಲಿ 40 ಡಾಲರ್ ಕಡಿಮೆ ಬಂದು ಅವನು ಮ್ಯಾನೇಜರ್ ಹತ್ರ ಚೆನ್ನಾಗಿ ಬೈಸಿಕೊಂಡಿದ್ದನಂತೆ. ಅವನು ನನಗೆ ಒಂದು ಮಾತೂ ಹೇಳಿರಲಿಲ್ಲ. ಸೈಮನ್‌ಗೆ ರೋನಾಳ ರಾತ್ರಿ ಹೇಗೆ ಹೋಯ್ತು ಅಂತ ಗೊತ್ತೇ ಆಗಲ್ಲ ಅಲ್ವಾ, ಹಾಗೆ.

ಧಾರವಾಡಫೇಡೆ

ಯಾರೂ ಊಟದ ಸೀನ್ ಬಗ್ಗೆ ಮಾತಾಡವಲ್ರಲ್ರೀ! ಇಡೀ ಪಿಚ್ಚರ್‌ನ್ಯಾಗ ಅದಕ್ಕಿಂತ ಮಜಾ ಸೀನ್ ಇಲ್ಲ.

ಆ ಪೊಲೀಸ್ ಬರ್ಕ್ ಅದಾನಲ್ಲ, ಕೆಲಸ ಮುಗದ ಮ್ಯಾಲೆ ಆ ಇಬ್ಬರು ಹುಡುಗೂರನ್ನ ಮನಿಗೆ ಕ್ರಿಸ್‌ಮಸ್ ಊಟಕ್ಕ ಕರೀತಾನ. ಹೆಂಡ್ತಿ ಐರೀನ್ ಬಾಜೂಕ ಬಾಜೂಕ ಬರ್ತಾಳ. ಇಂವಾ ಅಂಗಿ ಚಣ್ಣ ಬಿಟ್ಟು ಅಡ್ಡಾಡ್ತಾನ, ಹಾಸಿಗಿ ಹ್ಯಾಂಗೈತಿ ಮಲಗಿ ನೋಡು ಅಂತಾನ. ಆ ಹುಡುಗೂರು ಹೆದರಿ ಬೆವತು ಹೋಗ್ಯಾರ, ನಮಗೂ ಒಂದೇ ಯೋಚನಿ, ಗಂಡ ಹೆಂಡ್ತಿ ಕೂಡಿ ಏನೋ ಅವಾಂತರಕ್ಕ ತಯಾರಾಗ್ಯಾರ ಅಂತ. ಊಟಕ್ಕ ಕುಂತಾಗ ಬರ್ಕ್ ಭಾಳ ಗಂಭೀರ ಆಗಿ ‘ಒಂದು ಅವಕಾಶ ಐತಿ’ ಅಂತ ಶುರು ಮಾಡ್ತಾನ. ಏನಪಾ ಅಂದ್ರ, ಸೋಪು, ಪೌಡರು ಮಾರೋ ಚೈನ್ ಬಿಸಿನೆಸ್!! ‘ನೀವು ಇಬ್ಬರನ್ನ ಸೇರಸ್ರಿ, ಅವರು ಇಬ್ಬರನ್ನ ಸೇರಸ್ತಾರ.’

ನಾ ನಕ್ಕು ನಕ್ಕು ಕುರ್ಚಿಯಿಂದ ಬಿದ್ದೀನ್ರಿ. ಯಾಕಂದ್ರ ನಮ್ಮ ಕಾಕಾನೂ ಹಿಂಗ ಒಂದ್ ಸಲ ‘ಅವಲಕ್ಕಿ ತಿನ್ನಾಕ ಬಾರೋ’ ಅಂತ ಕರದಿದ್ರು. ಹೋದ್ರ ಮನ್ಯಾಗ ಬಿಳಿ ಬೋರ್ಡು, ಮಾರ್ಕರ್ ಪೆನ್ನು, ಟೈ ಕಟಗೊಂಡಾಂವ ಒಬ್ಬ. ಬೋರ್ಡಿನ ಮ್ಯಾಲೆ ಒಂದು ಗುಂಡು, ಅದರ ಕೆಳಗ ಎರಡು ಗುಂಡು, ಅದರ ಕೆಳಗ ನಾಕು ಗುಂಡು. ಅವಲಕ್ಕಿ ಬಂದಿದ್ದು ಎರಡು ತಾಸಿನ ಮ್ಯಾಲೆ. ಆ ಟೂತ್‌ಪೇಸ್ಟ್ ಇನ್ನೂ ನಮ್ಮ ಅಟ್ಟದ ಮ್ಯಾಲ ಐತಿ.

ಬರ್ಕ್ ಪಾತ್ರ ಮಾಡಿದಾಂವ ವಿಲಿಯಮ್ ಫಿಕ್ಟ್‌ನರ್. ಒಂದು ಸಲನೂ ನಗಂಗಿಲ್ಲ ಅಂವಾ. ಅದಕ್ಕ ನಮಗ ಅಷ್ಟು ನಗು.

ಕಾಫಿ_ಒನ್‌ಬೈಟು

😂 ಬೋರ್ಡಿನ ಮೇಲೆ ಗುಂಡು! ನಮ್ಮ ಬ್ಯಾಂಕ್ ಮಾವ. ಅದೇ ಗುಂಡು.

ಸುಮ್ನೆ_ನೋಡ್ತೀನಿ

ಎಲ್ಲರೂ ಹೊಗಳ್ತಿದ್ದೀರಿ, ನಾನು ಸ್ವಲ್ಪ ಕೆಡಿಸ್ತೀನಿ.

ರೋನಾ ಭಾಗ ಚಿನ್ನ. ಆದ್ರೆ ವೇಗಸ್ ಭಾಗ? ಸೈಮನ್ ಮದುವೆ ಮನೆಗೆ ನುಗ್ತಾನೆ, ಇಬ್ಬರು ಹುಡುಗಿಯರ ಜೊತೆ ಹಾಸಿಗೆ, ಕೋಣೆಗೆ ಬೆಂಕಿ, ಆಮೇಲೆ ಬಟ್ಟೆ ಬಿಚ್ಚಿ ಕುಣಿಯೋ ಕ್ಲಬ್ಬು, ಅಲ್ಲಿ ಕೈ ಹಾಕಬಾರದ ಕಡೆ ಕೈ ಹಾಕಿ ಗಲಾಟೆ, ಕೊನೆಗೆ ಕಾವಲಿನವನ ತೋಳಿಗೆ ಗುಂಡು. ಆ ಹೆಣ್ಣುಮಕ್ಕಳಲ್ಲಿ ಒಬ್ಬರಿಗಾದ್ರೂ ಒಂದು ಮನಸ್ಸು ಅಂತ ಕೊಟ್ಟಿದ್ದಾರಾ? ಮೊದಲ ಅರ್ಧ ಗಂಟೆ ಒಂದು ಹುಡುಗಿಯ ಕಷ್ಟವನ್ನ ಇಷ್ಟು ಸೂಕ್ಷ್ಮವಾಗಿ ತೋರಿಸಿದವರೇ ಇಲ್ಲಿ ಕಾಲೇಜು ಹುಡುಗರ ಹಾಸ್ಟೆಲ್ ಹರಟೆ ಮಟ್ಟಕ್ಕೆ ಇಳೀತಾರೆ. 1999ರ ಸಿನಿಮಾ ಅಂತ ರಿಯಾಯಿತಿ ಕೊಡೋಕೆ ನಾನು ತಯಾರಿಲ್ಲ, ಯಾಕಂದ್ರೆ ಅದೇ ಸಿನಿಮಾದಲ್ಲೇ ರೋನಾ ಇದ್ದಾಳೆ.

ಇನ್ನೊಂದು, ಕ್ಲೇರ್. ‘ಗೆಳತಿಯನ್ನ ಅಡ ಇಟ್ಟಳು’ ಅಂತ ನಗ್ತೀರಿ. ಟಾಡ್ ಮೊದಲ ಸಲ ಕಾಣಿಸೋದೇ ಬರೀ ಮೈಯಲ್ಲಿ, ತಲೆಗೆ ಸಾಂಟಾ ಟೋಪಿ ಹಾಕಿಕೊಂಡು. ಅಂಥವನ ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಬರೋದು ನಗು ಬರೋ ವಿಷಯ ಅಲ್ಲ. ಸಿನಿಮಾಗೆ ಅದು ಗೊತ್ತಿದೆ, ಅದಕ್ಕೇ ಆ ದೃಶ್ಯದಲ್ಲಿ ಕ್ಲೇರ್ ಮುಖದ ಮೇಲೆ ಕ್ಯಾಮೆರಾ ನಿಲ್ಲುತ್ತೆ. ನಿಮಗೆ ಗೊತ್ತಾಗಲಿಲ್ಲ ಅನ್ನೋದು ನನ್ನ ತಕರಾರು.

ಹೊಗಳೋದಾದ್ರೆ ರೋನಾ ಆಗಿರೋ ಸಾರಾ ಪಾಲಿಯನ್ನ ಹೊಗಳಿ. ಕೆನಡಾದ ನಟಿ. ಆಮೇಲೆ ನಟನೆಗಿಂತ ಬರವಣಿಗೆ, ನಿರ್ದೇಶನದ ಕಡೆ ಹೋಗಿ 2023ರಲ್ಲಿ ‘ವಿಮೆನ್ ಟಾಕಿಂಗ್’ ಚಿತ್ರಕಥೆಗೆ ಆಸ್ಕರ್ ತಗೊಂಡ್ರು. ರೋನಾಳ ಆ ನೋಟ, ಎದುರಿಗಿದ್ದವರನ್ನ ತೂಗಿ ನೋಡೋ ನೋಟ, ಬರೆಯೋರ ನೋಟ ಅಂತ ಈಗ ಅನ್ನಿಸುತ್ತೆ. ಇದು ಆಮೇಲೆ ಬಂದ ಬುದ್ಧಿ, ನಿಜ.

ಕೊನೆಬೆಂಚು

ಅಡದ ವಿಷಯದಲ್ಲಿ ಮಾತು ಹಗುರ ಆಯ್ತು, ಒಪ್ಪಿಕೊಂಡೆ ಮೇಡಂ.

ವೇಗಸ್ ಭಾಗ ಮೂರರಲ್ಲಿ ದುರ್ಬಲ ಅಂತ ನನಗೂ ಅನ್ನಿಸುತ್ತೆ. ಆದ್ರೆ ಅದರಲ್ಲಿ ಮಾರ್ಕಸ್ ಇದ್ದಾನೆ, ಟೇ ಡಿಗ್ಸ್ ಮಾಡಿರೋ ಪಾತ್ರ. ಗುಂಪಿನಲ್ಲಿ ತಲೆ ನೆಟ್ಟಗಿರೋನು ಅವನೊಬ್ಬನೇ. ಹೋಟೆಲ್ ಮುಂದೆ ನಿಂತಿದ್ದಾಗ ಯಾರೋ ಬಂದು, ಕಪ್ಪು ಹುಡುಗ, ಕೋಟು ಹಾಕಿದ್ದಾನೆ, ಅಂದ್ರೆ ಕಾರ್ ಪಾರ್ಕ್ ಮಾಡೋನು ಅಂತ ತಿಳಿದು ಫೆರಾರಿ ಕೀ ಕೈಗೆ ಹಾಕಿ ಹೋಗಿಬಿಡ್ತಾನೆ. ಅವಮಾನ. ಆದ್ರೆ ಕೈಯಲ್ಲಿ ಫೆರಾರಿ ಕೀ! ಆ ಒಂದು ಕ್ಷಣ ಅವಮಾನನೂ ಅದೃಷ್ಟನೂ ಒಟ್ಟಿಗೆ ಬರುತ್ತೆ. ಭಾಷಣ ಇಲ್ಲ, ಸೀದಾ ಕಾರು ಹೊರಡುತ್ತೆ. ಆ ಕಾರಿನಲ್ಲಿ ಸೈಮನ್‌ಗೆ ಗನ್ನು ಸಿಗುತ್ತೆ, ಮುಂದಿನದ್ದೆಲ್ಲ ಅದರಿಂದ. ಅಂದ್ರೆ ಯಾರೋ ಒಬ್ಬ ಮನುಷ್ಯನ ಮುಖ ಸರಿಯಾಗಿ ನೋಡದ ತಪ್ಪಿಗೆ ಇನ್ಯಾರಿಗೋ ಗುಂಡು.

ಅಂದಹಾಗೆ, ವೇಗಸ್‌ಗೆ ಹೊರಟ ನಾಲ್ವರಲ್ಲಿ ಒಬ್ಬನ ಹೆಸರು ಸಿಂಗ್. ಪಾತ್ರ ಮಾಡಿದ್ದು ಜೇಮ್ಸ್ ಡುವಾಲ್. ಆ ಸಿಂಗ್ ಯಾವ ಸಿಂಗೋ, ಯಾರೂ ವಿವರಿಸೋ ಗೋಜಿಗೆ ಹೋಗಲ್ಲ. ಪಾಪ, ಅವನು ಹೊಟ್ಟೆ ಕೆಟ್ಟು ಹೋಟೆಲಲ್ಲೇ ಉಳೀತಾನೆ.

ನಿರ್ವಾಹಕ

ಇಬ್ಬರು ಸದಸ್ಯರು ಡೌನ್‌ಲೋಡ್ ಲಿಂಕ್ ಕೇಳಿದ್ದ ಪೋಸ್ಟ್ ತೆಗೆದಿದ್ದೇನೆ. ಬಾಡಿಗೆಗೋ ಖರೀದಿಗೋ ಸಿಗುವ ಕಡೆ ನೋಡಿ. ಸಿನಿಮಾ ದೊಡ್ಡವರಿಗೆ ಮಾತ್ರ ಎಂದು ಮೊದಲ ಪೋಸ್ಟಿನಲ್ಲೇ ಹಾಕಬೇಕಿತ್ತು, ಕೊನೆಬೆಂಚಿನವರೇ.

ಎಡಿಟ್_ಟೇಬಲ್

ಓಡಲಿಲ್ಲ ಯಾಕೆ ಅಂತ ಯಾರೋ ಖಾಸಗಿ ಸಂದೇಶದಲ್ಲಿ ಕೇಳಿದ್ರು, ಇಲ್ಲೇ ಹೇಳ್ತೀನಿ.

1999ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ತೋರಿಸಿದ್ರು, ಏಪ್ರಿಲ್ 9ಕ್ಕೆ ಅಮೆರಿಕದಲ್ಲಿ ಬಿಡುಗಡೆ. ಒಂಬತ್ತು ದಿನ ಮೊದಲು, ಮಾರ್ಚ್ 31ಕ್ಕೆ, ‘ಮ್ಯಾಟ್ರಿಕ್ಸ್’ ಬಂದಿತ್ತು. ಇನ್ನು ಹೇಳೋದೇನಿದೆ? ದಸರಾ ಆನೆ ಹೋಗೋ ಬೀದಿಯಲ್ಲಿ ಸೈಕಲ್ ಸ್ಟ್ಯಾಂಡ್ ಹಾಕಿದ ಹಾಗೆ. ಸುಮಾರು 2 ಕೋಟಿ ಡಾಲರ್ ಖರ್ಚಿನ ಸಿನಿಮಾ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 2.8 ಕೋಟಿ. ಅದರಲ್ಲಿ ಥಿಯೇಟರ್‌ಗಳ ಪಾಲು, ಪ್ರಚಾರದ ಖರ್ಚು ಕಳೆದ್ರೆ ಕೈಗೆ ಏನೂ ಹತ್ತಲ್ಲ. ವಿಮರ್ಶಕರಲ್ಲಿ ಹೆಚ್ಚಿನವರು ಚೆನ್ನಾಗೇ ಬರೆದ್ರು, ಆದ್ರೆ ಟ್ಯಾರಂಟಿನೋ ಹೆಸರು ಎತ್ತದೆ ಬರೆದವರು ಕಡಿಮೆ. ನಮ್ಮ ಒನ್‌ಬೈಟು ಅವರ ದೋಸೆ ಹಿಟ್ಟಿನ ಮಾತು ಆಗಿನಿಂದಲೂ ಇದೆ.

ಅದೂ ಅಲ್ಲದೆ ಆ ವರ್ಷವೇ ವಿಪರೀತ. ‘ಫೈಟ್ ಕ್ಲಬ್’, ‘ಮ್ಯಾಗ್ನೋಲಿಯಾ’, ‘ಸಿಕ್ಸ್ತ್ ಸೆನ್ಸ್’, ‘ಅಮೆರಿಕನ್ ಬ್ಯೂಟಿ’, ಎಲ್ಲ ಒಂದೇ ವರ್ಷದ ಬೆಳೆ. ಇಂಥ ಸುಗ್ಗಿಯಲ್ಲಿ ಒಂದು ಚೀಲ ಮೂಲೆ ಸೇರಿದ್ರೆ ಯಾರಿಗೆ ಗೊತ್ತಾಗುತ್ತೆ.

ತಮಾಷೆ ಅಂದ್ರೆ ಇದರ ಹಾಡು ಸಿನಿಮಾಗಿಂತ ದೂರ ಹೋಯ್ತು. ಲೆನ್ ಅನ್ನೋ ಕೆನಡಾ ತಂಡದ ‘ಸ್ಟೀಲ್ ಮೈ ಸನ್‌ಶೈನ್’ ಈ ಚಿತ್ರದ ಧ್ವನಿಸುರುಳಿಯಲ್ಲಿತ್ತು, ಆ ಬೇಸಿಗೆ ಎಲ್ಲ ಕಡೆ ಅದೇ. ಹಿನ್ನೆಲೆ ಸಂಗೀತ ಬಿಟಿ ಅನ್ನೋ ಎಲೆಕ್ಟ್ರಾನಿಕ್ ಸಂಗೀತಗಾರರದ್ದು. ರೇವ್ ಪಾರ್ಟಿ ದೃಶ್ಯಗಳು ಇವತ್ತಿಗೂ ಹಳತಾಗಿಲ್ಲ ಅಂದ್ರೆ ಅದಕ್ಕೆ ಅವರು ಕಾರಣ.

ತಾರಾಗಣ ಈಗ ನೋಡಿದ್ರೆ ಬಾಯಿ ಬಿಡ್ತೀರಿ. ಟಾಡ್ ಆಗಿರೋ ಟಿಮೊಥಿ ಒಲಿಫೆಂಟ್ ಮುಂದೆ ‘ಡೆಡ್‌ವುಡ್’, ‘ಜಸ್ಟಿಫೈಡ್’ ಮಾಡಿದ್ರು. ಕ್ಲೇರ್ ಆಗಿರೋ ಕೇಟಿ ಹೋಮ್ಸ್ ಆಗ ‘ಡಾಸನ್ಸ್ ಕ್ರೀಕ್’ ಸೀರಿಯಲ್ ಹುಡುಗಿ. ನಟರು ಒಂದು ಮನೆ ಬಾಗಿಲು ತಟ್ಟಿದಾಗ ಬಾಗಿಲು ತೆಗೆಯೋ ಹೆಂಗಸನ್ನ ಗಮನಿಸಿ: ಮೆಲಿಸಾ ಮೆಕಾರ್ಥಿ, ಅವರ ಮೊದಲ ಸಿನಿಮಾ. ಒಂದೇ ದೃಶ್ಯ. ಎರಡು ನಿಮಿಷ ಹಿಡಿಯಲ್ಲ, ಆದ್ರೂ ದೃಶ್ಯ ಅವರದ್ದೇ.

ಧಾರವಾಡಫೇಡೆ

ಬೆಕ್ಕನ್ನ ಮರತ್ರಿ. ರೋನಾನ ಗೆಳೆಯ ಮ್ಯಾನಿ ಗುಳಿಗಿ ನುಂಗಿ ತೇಲಾಡ್ತಿದ್ದಾಗ ಬೆಕ್ಕು ಅವನ ಮನಸಿನ್ಯಾಗಿಂದು ಓದಿ ಮಾತಾಡ್ತದ, ಕೆಳಗ ಸಬ್‌ಟೈಟಲ್ ಬರ್ತದ. ಬೆಕ್ಕಿಗೆ ಸಬ್‌ಟೈಟಲ್!

ಕಾಫಿ_ಒನ್‌ಬೈಟು

ನಿನ್ನೆ ರಾತ್ರಿ ಮತ್ತೆ ನೋಡಿದೆ. ನಿಮ್ಮ ಕಾಟಕ್ಕೆ. 250 ಪುಟದ ಆಫೀಸ್ ವರದಿ ಓದೋದಿತ್ತು, ಅದನ್ನ ಬಿಟ್ಟು.

ಅರ್ಧ ಸೋತೆ ಅಂತ ಬರ್ಕೊಳ್ಳಿ. ಹಿಟ್ಟು ಪಕ್ಕದ ಮನೆಯದ್ದೇ, ಅದರಿಂದ ಹಿಂದೆ ಸರಿಯಲ್ಲ. ಆದ್ರೆ ಕೊನೆಬೆಂಚು ಮೊದಲೇ ಬರೆದಿದ್ದು, ಪಕ್ಕದಲ್ಲಿ ಹಾದುಹೋಗೋರು ಅಂತ, ಅದನ್ನ ಈ ಸಲ ಹಿಡಿದು ನೋಡಿದೆ. ಪೂರ್ತಿ ಕಥೆ ಆ ಪಾತ್ರಗಳಲ್ಲಿ ಒಬ್ಬರಿಗೂ ಗೊತ್ತಿಲ್ಲ! ತನ್ನನ್ನ ಗುದ್ದಿದ್ದು ಯಾರ ಕಾರು ಅಂತ ರೋನಾಗೆ ಗೊತ್ತಾಗಲ್ಲ. ಗುಳಿಗೆ ತರೋಕೆ ಒಪ್ಪಿದ್ದ ಹುಡುಗಿಯನ್ನೇ ಗುದ್ದಿದ್ದು ಆ ಗಿರಾಕಿಗಳು. ಆಡಮ್, ಝ್ಯಾಕ್ ಮೊದಲು ಓಡಿಹೋಗ್ತಾರೆ. ಆಮೇಲೆ ಆಡಮ್ ಮೈಮೇಲೆ ಪೊಲೀಸರು ಕಟ್ಟಿದ್ದ ಮೈಕು ಇನ್ನೂ ಇದೆ, ಎಲ್ಲ ರೆಕಾರ್ಡ್ ಆಗಿರಬಹುದು ಅಂತ ಭಯ ಬಿದ್ದು ವಾಪಸ್ ಬರ್ತಾರೆ. ಕರುಣೆಯಿಂದ ಅಲ್ಲ! ಬಂದು ನೋಡಿದ್ರೆ ಜೀವ ಇದೆ. ಆಸ್ಪತ್ರೆಗೆ ಹೊತ್ತುಕೊಂಡು ಹೋಗೋ ಧೈರ್ಯ ಇಲ್ಲ. ಅವಳನ್ನ ಎತ್ತಿ ಒಂದು ಕಾರಿನ ಮೇಲೆ ಇಡ್ತಾರೆ, ಅಲಾರಾಂ ಹೊಡಕೊಳ್ಳಲಿ, ಯಾರಾದ್ರೂ ನೋಡಲಿ ಅಂತ. ನಾನು ನೋಡಿರೋ ಸಿನಿಮಾಗಳಲ್ಲಿ ಇದಕ್ಕಿಂತ ಪುಕ್ಕಲು ಜೀವದಾನ ಇನ್ನೊಂದಿಲ್ಲ. ಆದ್ರೆ ಜೀವ ಉಳಿಯಿತಲ್ಲ.

ನನ್ನ ಉಳಿದ ತಕರಾರು: ಕೊನೆ ಬಹಳ ಸುಲಭ. ತೋಳಿಗೆ ಗುಂಡು ಬಿದ್ದ ಸಿಟ್ಟಿಗೆ ವೇಗಸ್ಸಿಂದ ಆ ಕ್ಲಬ್ಬಿನ ಕಾವಲಿನವನೂ ಅವನ ಅಪ್ಪನೂ ಹುಡುಕಿಕೊಂಡು ಬರ್ತಾರೆ, ಸೈಮನ್ ಬಳಸಿದ್ದು ಟಾಡ್‌ನ ಕ್ರೆಡಿಟ್ ಕಾರ್ಡು ಆದ್ದರಿಂದ ಟಾಡ್ ಮನೆಗೆ. ಪಂಚಾಯ್ತಿ ಕೂತು ‘ಸೈಮನ್ ತೋಳಿಗೂ ಒಂದು ಗುಂಡು, ಲೆಕ್ಕ ಚುಕ್ತಾ’ ಅಂತ ತೀರ್ಮಾನ. ಯಾರೂ ಸಾಯಲ್ಲ. ಬೆಳಗಾಗುತ್ತೆ, ಎಲ್ಲರೂ ಕೆಲಸಕ್ಕೆ. ಇಷ್ಟೆಲ್ಲ ಆಗಿ ಒಬ್ಬರಿಗೂ ಬುದ್ಧಿ ಬರಲ್ವಾ?

ಸುಮ್ನೆ_ನೋಡ್ತೀನಿ

ಬುದ್ಧಿ ಬರದೇ ಇರೋದೇ ನನಗೆ ಇಷ್ಟ ಆಗಿದ್ದು. ಕ್ಲೇರ್‌ಗೆ ಮಾತ್ರ ಒಂದಷ್ಟು ಬರುತ್ತೆ ನೋಡಿ. ಆ ತೋಳಿನ ಪಂಚಾಯ್ತಿ ನಡೀತಿದ್ದಾಗ ಅವಳು ಅಸಹ್ಯಪಟ್ಟು ಎದ್ದು ಹೋಗ್ತಾಳೆ. ಗಂಡಸರೆಲ್ಲ ಸೇರಿ ಯಾರಿಗೆ ಎಲ್ಲಿ ಗುಂಡು ಹೊಡೀಬೇಕು ಅಂತ ಶಾಂತವಾಗಿ ಚರ್ಚೆ ಮಾಡ್ತಿರೋ ಕೋಣೆಯಿಂದ. ರೋನಾ ಮಾತ್ರ ಆಸ್ಪತ್ರೆಯಲ್ಲಿ ಎಚ್ಚರ ಆದಮೇಲೆ ಮೈಯೆಲ್ಲ ನೋವಿದ್ದರೂ ಕುಂಟಿಕೊಂಡು ಅಂಗಡಿಗೆ ಬರ್ತಾಳೆ, ಯಾಕಂದ್ರೆ ಶಿಫ್ಟ್ ಇದೆ. ಬಾಡಿಗೆ ಇನ್ನೂ ಕಟ್ಟಬೇಕು. ಬಡತನಕ್ಕೆ ಬುದ್ಧಿ ಕಲಿಯೋಕೆ ರಜೆ ಎಲ್ಲಿ ಸಿಗುತ್ತೆ?

ಎಡಿಟ್_ಟೇಬಲ್

ಒಂದು ಸಣ್ಣ ಮಾತು ಸೇರಿಸ್ತೀನಿ. ಲೈಮನ್ 2014ರಲ್ಲಿ ‘ಎಡ್ಜ್ ಆಫ್ ಟುಮಾರೊ’ ಮಾಡಿದ್ರು, ನಾಯಕ ಸತ್ತ ಸತ್ತ ಹಾಗೆ ಅದೇ ದಿನ ಮತ್ತೆ ಶುರುವಾಗೋ ಕಥೆ. ಅಲ್ಲಿ ಟಾಮ್ ಕ್ರೂಸ್‌ಗೆ ಹಿಂದಿನ ಸುತ್ತು ನೆನಪಿರುತ್ತೆ, ಹಾಗಾಗಿ ಅವನು ಕಲೀತಾನೆ. ‘ಗೋ’ದಲ್ಲೂ ರಾತ್ರಿ ಮೂರು ಸಲ ಶುರುವಾಗುತ್ತೆ, ನೆನಪಿರೋದು ಪ್ರೇಕ್ಷಕರಿಗೆ ಮಾತ್ರ.

ಮಲ್ಪೆಮಾರಾಯ

ನಾನು ಶನಿವಾರ ನೋಡುವುದು ಅಂತ ತೀರ್ಮಾನ ಮಾಡಿ ಆಯ್ತು. ಎಲ್ಲ ಕಥೆ ಇಲ್ಲಿಯೇ ಓದಿಬಿಟ್ಟೆ, ತಪ್ಪು ನನ್ನದೇ. ಇದೇ ಜಾತಿಯದ್ದು ನಮ್ಮ ಕಡೆಯದ್ದು ಬೇರೆ ಯಾವುದಾದರೂ ಉಂಟಾ?

ಕೊನೆಬೆಂಚು

ಹಿಂದಿಯಲ್ಲಿ ‘ಶೋರ್ ಇನ್ ದ ಸಿಟಿ’, 2011. ರಾಜ್, ಡಿ.ಕೆ. ಜೋಡಿಯದ್ದು. ಮುಂಬೈ, ಗಣೇಶನ ಹಬ್ಬ, ಮೂರು ಎಳೆ, ಪುಸ್ತಕ ಕದ್ದು ಅಚ್ಚು ಹಾಕೋ ಹುಡುಗರು. ಅದೂ ಹೀಗೇ ಮೂಲೆ ಸೇರಿದ ಚೀಲ. ತಮಿಳಲ್ಲಿ ‘ಮಾನಗರಂ’, 2017, ಲೋಕೇಶ್ ಕನಗರಾಜ್ ಮೊದಲ ಚಿತ್ರ. ನಗು ಕಡಿಮೆ, ಓಟ ಹೆಚ್ಚು. ಕನ್ನಡದಲ್ಲಿ ಇಷ್ಟು ಹಗುರವಾದ ಅಪರಾಧದ ನಗು ಇನ್ನೂ ಸರಿಯಾಗಿ ಬಂದಿಲ್ಲ ಅಂತ ನನ್ನ ಅನ್ನಿಸಿಕೆ. ಒಂದು ಬೆಂಗಳೂರು ಸೂಪರ್ ಮಾರ್ಕೆಟ್, ಪಿಜಿ ಬಾಡಿಗೆ, ಡಿಸೆಂಬರ್ 31. ಯಾರಾದ್ರೂ ಬರೀರಪ್ಪ.

ಹೊಳೆನರಸೀಪುರ_ಓಹಾಯೋ

ನನ್ನ ಪೋಸ್ಟ್ ಹಾಕಿದಮೇಲೆ ಮನಸ್ಸು ತಡೀಲಿಲ್ಲ, ಆ ತೆಲುಗು ಗೆಳೆಯನಿಗೆ ವಾಟ್ಸಾಪ್ ಮಾಡಿದೆ. ಈಗ ಟೆಕ್ಸಸ್‌ನಲ್ಲಿದ್ದಾನೆ, ಇಬ್ಬರು ಮಕ್ಕಳು. ‘ಆವತ್ತು ನನ್ನ ಶಿಫ್ಟಲ್ಲಿ 40 ಡಾಲರ್ ಕಡಿಮೆ ಬಂದಿತ್ತಂತೆ, ನನಗೆ ಹೇಳಲೇ ಇಲ್ಲವಲ್ಲೋ’ ಅಂತ ಕೇಳಿದೆ. ಅರ್ಧ ಗಂಟೆ ಉತ್ತರ ಬರಲಿಲ್ಲ. ಆಮೇಲೆ ಬಂತು: ‘ಯಾವ 40 ಡಾಲರ್? ನನಗೆ ನೆನಪಿರೋದು ನೀನು ರಾತ್ರಿ 11ಕ್ಕೆ ಪೇಪರ್ ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟ ಒಬ್ಬಟ್ಟು.’

ನನಗೆ ಆ ಒಬ್ಬಟ್ಟು ನೆನಪಿಲ್ಲ.